ಕೂಲಿ ಏರಲಿಲ್ಲ, ಸಾರು ಏರಿತು

ನನಗಾಗ ಹದಿನೆಂಟು. ಅರವತ್ತು ವರ್ಷದ ಹಿಂದಿನ ಮಾತು. ಒಂದು ಎಕರೆ ಕಬ್ಬಿಗಾಗಿ ನಾನು ಮನೆಯ ಹುಂಜವನ್ನೇ ಕೊಯ್ದಿದ್ದೆ.

ಇದು ನೆನಪಾಗಲು ಕಾರಣ ನನ್ನ ಸೊಸೆ. ಮೊನ್ನೆ ಮದ್ದೂರು ಸಂತೆಯಿಂದ ಬಂದವಳೇ ಚೀಲ ಒಗೆದು, "ಬಳ್ಳಾರಿ ಕಡೆಯೋರು ಕಬ್ಬು ಕಡಿಯಕ್ಕೆ ಬಂದವ್ರೆ ಕಣತ್ತೆ, ಅದುಕ್ಕೇ ತರಕಾರಿ ರೇಟು ಏರೋಗದೆ" ಅಂದಳು. ನಾನು ಬಿದ್ದು ಬಿದ್ದು ನಕ್ಕೆ. ಇದೇ ಮಾತನ್ನು ಆಗಲೂ ಕೇಳಿದ್ದೆ!

ಆಗಷ್ಟೇ ನಮ್ಮೂರ ನಾಲೆಗೆ ನೀರು ಬಂದಿತ್ತು. ಮಂಡ್ಯದ ಸಕ್ಕರೆ ಫ್ಯಾಕ್ಟರಿ ನಮ್ಮ ಕಡೆಯ ಕಬ್ಬನ್ನೂ ಕೊಳ್ಳತೊಡಗಿತ್ತು. ನಮ್ಮೂರಿಗೆ ಕಬ್ಬು ಹೊಸದು, ಕಡಿಯುವ ಕೈ ಸಾಲದು. ಸೇಲಂ ಕಡೆಯಿಂದ ಕೂಲಿಯವರು ಗುಂಪಾಗಿ ಬಂದು ನಾಲೆ ಏರಿ ಮೇಲೆ ಗುಡಿಸಲು ಹಾಕಿದರು. ಅವರ ಮುಂದಾಳು ಪಚ್ಚೆಯಮ್ಮ. ಅರ್ಧ ತಮಿಳು, ಅರ್ಧ ಕನ್ನಡ, ಪೂರಾ ಜೋರು.

ಊರ ಗಂಡಸರು ಅರಳಿಕಟ್ಟೆಯಲ್ಲಿ ಸೇರಿ ತೀರ್ಮಾನ ಮಾಡಿದರು. ಒಬ್ಬರಿಗೆ ದಿನಕ್ಕೆ ಎರಡು ಸೇರು ರಾಗಿ, ಮಧ್ಯಾಹ್ನ ಮುದ್ದೆ ಸಾರು. ಒಂದು ಹಿಡಿ ಹೆಚ್ಚು ಕೊಟ್ಟವರಿಗೂ ದಂಡ. ಇದನ್ನು ಎದ್ದು ನಿಂತು ಕೂಗಿ ಹೇಳಿದವರು ನಮ್ಮ ಮಾವ.

ಸರಿ. ಆದರೆ ಯಾವ ಸಾರು ಅಂತ ಯಾರೂ ಹೇಳಿರಲಿಲ್ಲ! (ಗಂಡಸರು ಅಡುಗೆಮನೆ ಕಡೆ ತಲೆ ಹಾಕಿದ್ದರೆ ತಾನೆ?)

ನಮ್ಮ ಕಬ್ಬಿಗೂ ಎದುರುಮನೆ ನಿಂಗಕ್ಕನ ಕಬ್ಬಿಗೂ ಫ್ಯಾಕ್ಟರಿ ಚೀಟಿ ಒಂದೇ ವಾರಕ್ಕೆ ಬಂತು. ವಾರದೊಳಗೆ ಗಾಡಿ ಹೋಗದಿದ್ದರೆ ಸರದಿ ತಪ್ಪಿತು, ಕಬ್ಬು ಗದ್ದೆಯಲ್ಲೇ ಒಣಗಬೇಕು. ನಮ್ಮಿಬ್ಬರಿಗೂ ಇದ್ದದ್ದು ಪಚ್ಚೆಯಮ್ಮನ ಗುಂಪೊಂದೇ.

ಮೊದಲ ದಿನ ನಮ್ಮ ಗದ್ದೆಗೆ ಬಂದರು. ಸೊಪ್ಪಿನ ಸಾರು ಇಕ್ಕಿದೆ. ಮಾರನೆಯ ದಿನ ನಿಂಗಕ್ಕ ಅವರೆಕಾಳು ಸಾರು ಮಾಡಿ ಎಳೆದುಕೊಂಡಳು. ನಾನು ಬಿಡುತ್ತೇನೆಯೇ? ಮನೆಮಂದಿಯನ್ನೆಲ್ಲ ಕೂರಿಸಿ ಅವರೆ ಹಿತಕಿಸಿ, ಹಿತಕಿದ ಬೇಳೆ ಸಾರು ಮಾಡಿದೆ. ಬಂದರು. ಅವಳು ಒಣಮೀನು. ಹೋದರು. ನಾನು ಹುಂಜ.

ಅತ್ತೆ ಎದೆ ಬಡಿದುಕೊಂಡರು. "ಅಯ್ಯೋ, ನಿನ್ ಮದ್ವೇಲಿ ಬೀಗ್ರಿಗೂ ಕೋಳಿ ಆಕ್ನಿಲ್ಲ ಕಣಮ್ಮಿ!"

"ಬೀಗ್ರು ಕಬ್ಬು ಕಡಿಯಕ್ಕೆ ಬಂದಿದ್ರಾ?" ಅಂದೆ. (ಬೀಗರು ಅಂದರೆ ನನ್ನ ಅಪ್ಪ ಅವ್ವ. ಆದರೂ ಕೇಳಿಬಿಟ್ಟೆ.)

ಆರನೆಯ ದಿನ ನಿಂಗಕ್ಕ ಕುರಿತಲೆ ಬೇಯಿಸಿದಳು. ಬೀದಿಗೆಲ್ಲ ಘಮಘಮ. ಗುಂಪು ಅತ್ತ ಹೋಯಿತು. ನಮ್ಮ ಕಾಲುಪಾಲು ಕಬ್ಬು ಇನ್ನೂ ನಿಂತೇ ಇತ್ತು. ಉಳಿದದ್ದು ಒಂದೇ ದಿನ.

ಅಷ್ಟರಲ್ಲಿ ಊರಿಗೆ ಊರೇ ಹೀಗೆ ಕುದಿಸತೊಡಗಿತ್ತು. ಸಂತೆಯಲ್ಲಿ ಅವರೆಕಾಯಿ ಏರಿತು, ಒಣಮೀನು ಏರಿತು, ಕೊನೆಗೆ ಮೆಣಸಿನಕಾಯಿಯೂ ಏರಿತು. "ಸೇಲಂನೋರು ಬಂದು ಎಲ್ಲಾನೂ ತಿಂದಾಕ್ಬುಟ್ರು" ಅಂತ ಮಾವ ಅರಳಿಕಟ್ಟೆಯಲ್ಲಿ ಗೊಣಗುತ್ತಿದ್ದರು. ತಿನ್ನಿಸುತ್ತಿದ್ದವರು ಯಾರು? ಕೂಲಿಯನ್ನು ಕಟ್ಟಿಹಾಕಿ ಸಾರಿನಲ್ಲಿ ಕಾಂಪಿಟಿಷನ್ ನಡೆಸಿದರೆ ರೇಟು ಏರದೆ ಇಳಿಯುತ್ತದೆಯೇ? (ನನಗೆ ಓದು ಬರಹ ಅಷ್ಟಕ್ಕಷ್ಟೆ. ಸಾರು ಚೆನ್ನಾಗಿ ಬರುತ್ತದೆ.)

ಸಂಜೆ ನಾನೇ ನಾಲೆ ಏರಿಗೆ ಹೋದೆ.

"ಏನ್ ಪಚ್ಚೆಯಮ್ಮ, ಕುರಿತಲೆ ಕಂಡೇಟ್ಗೆ ನಮ್ಮುನ್ನ ಬುಟ್ಬುಟ್ಯಾ? ನಾಳೆ ಏನ್ ಬೇಯಿಸ್ಲಿ ಯೇಳು."

"ಏನೂ ಬೇಡ ತಾಯಿ. ನಿಮ್ಮಿಬ್ಬರ ಸಾರು ತಿಂದು ತಿಂದು ಎಲ್ಲಾರಿಗೂ ಹೊಟ್ಟೆ ಕೆಟ್ಟಿದೆ!"

ಗುಂಪೆಲ್ಲ ಕಿಸಕ್ಕನೆ ನಕ್ಕಿತು. ನನಗೂ ತಡೆಯಲಾಗಲಿಲ್ಲ, ಏರಿ ಮೇಲೇ ಕುಕ್ಕರಿಸಿ ನಕ್ಕೆ.

ಮೊದಲು ನಗು ನಿಲ್ಲಿಸಿದವಳು ಪಚ್ಚೆಯಮ್ಮ. "ನಮ್ಮೂರಲ್ಲಿ ನನ್ನ ನಾಲ್ಕು ಮಕ್ಕಳು ಇದಾವೆ. ಸಾರನ್ನ ಗಂಟು ಕಟ್ಟಿ ತಕೊಂಡು ಹೋಗಕ್ಕೆ ಆಗತ್ತಾ ತಾಯಿ?"

ಆಗ ಹೊಳೆಯಿತು. ರಾಗಿಯಾದರೆ ಗಂಟು ಕಟ್ಟಬಹುದಲ್ಲ!

"ರಾಗಿ ಎಚ್ಗೆ ಕೊಟ್ರೆ ನಮ್ಗೆ ದಂಡ ಆಕ್ತಾರೆ ಕಣಮ್ಮ" ಅಂದೆ.

"ದಂಡ ಹುಂಜಕ್ಕಿಂತ ಜಾಸ್ತಿಯಾ?" ಅಂದಳು.

ಮಾರನೆಯ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಗುಡಾಣದ ರಾಗಿಯನ್ನು ಜಗಲಿಗೆ ತಂದು, ಬೇವಿನಕಡ್ಡಿ ಕಚ್ಚಿಕೊಂಡು ನಿಂತಿದ್ದ ಮಾವನ ಕಣ್ಣೆದುರೇ, ಪಚ್ಚೆಯಮ್ಮನ ಸೆರಗಿಗೆ ಮೂರು ಸೇರು ಅಳೆದು ಸುರಿದೆ.