ಕೆರೆ ಏರಿಯ ಮೇಲೆ ಹಗುರಾದ ಸೈಕಲ್ಲು

ನಾನು ಸೈಕಲ್ ಕಲಿತದ್ದು ಮದುವೆಯಾಗಿ, ಎರಡು ಮಕ್ಕಳನ್ನು ಹೆತ್ತ ಮೇಲೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೆರೆಯಾಚೆಯ ಊರಿನ ಪುಟ್ಟ ಶಿಶುವಿಹಾರದಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತ್ತು. ನಮ್ಮೂರಿರುವುದು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ. ಬಸ್ಸಿನಲ್ಲಿ ಹೋಗಬೇಕೆಂದರೆ ಸುತ್ತೂರಿನ ಮೇಲೆ ಸುತ್ತಿಕೊಂಡು ಹೋಗಬೇಕು, ಆ ಬಸ್ಸೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಏರಿಯ ಮೇಲೆ ಸೈಕಲ್ ತುಳಿದರೆ ನೇರ ದಾರಿ.

ಆ ಕೆರೆ ಹಕ್ಕಿಗಳಿಗೆ ಮೀಸಲು. ಬಲೆ ಬೀಸುವಂತಿಲ್ಲ, ಕೋವಿ ತರುವಂತಿಲ್ಲ. ಗಾಡಿಗಳು ನುಗ್ಗದಿರಲೆಂದು ಏರಿಯ ಎರಡೂ ತುದಿಗೆ ಕಲ್ಲುಕಂಬ ನೆಟ್ಟಿದ್ದರು. ಸಂದಿಯಲ್ಲಿ ಸೈಕಲ್ಲು, ದನ, ಮನುಷ್ಯರು ಮಾತ್ರ ತೂರಬಹುದಿತ್ತು. "ಕಬ್ಬಿನ ಲಾರಿ ಇಲ್ಲ, ಬಸ್ಸಿಲ್ಲ, ಕಣ್ ಮುಚ್ಕೊಂಡ್ ಹೋಗು" ಎಂದರು ನಮ್ಮ ಯಜಮಾನರು. ಹೇಳುವವರಿಗೇನು? ಲಾರಿ ಬಂದರೆ ಪಕ್ಕಕ್ಕೆ ಇಳಿದು ಬದುಕಿಕೊಳ್ಳಬಹುದು. ಇಲ್ಲಿ ಪಕ್ಕಕ್ಕೆ ಇಳಿದರೆ ಒಂದು ಕಡೆ ತುಂಬಿದ ಕೆರೆ, ಇನ್ನೊಂದು ಕಡೆ ಆಳದಲ್ಲಿ ಗದ್ದೆ. ನನಗೆ ಈಜು ಬರುತ್ತಿರಲಿಲ್ಲ. ಕೂಗಿದರೆ ಓಡಿ ಬರಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಎಲ್ಲರೂ ಆರಾಮದ ದಾರಿ ಎನ್ನುತ್ತಿದ್ದ ಆ ಏರಿಯ ಮೇಲೇ ನನಗೆ ಜೀವ ಕೈಯಲ್ಲಿ ಹಿಡಿದು ಹೋಗುವಂತಾಗಿತ್ತು.

ಕೆಲಸಕ್ಕೆ ಸೇರುವ ಮೊದಲನೇ ದಿನ ಅತ್ತೆ ತಾವೂ ಬರುತ್ತೇನೆಂದು ಹೊರಟರು. ನಮ್ಮದು ಎಣ್ಣೆ ಸೀಗೇಕಾಯಿ ಸಂಬಂಧ. "ಸೊಸೆ ದುಡಿದು ತಂದಾಕಿ ನಾವು ಉಣ್ಬೇಕಾ?" ಎಂದು ವಾರವೆಲ್ಲ ಗೊಣಗಿದವರು ಅವರೇ. ಹಿಂದಿನ ದಿನ ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟಿದ್ದೆವು. ಆ ಬೆಳಿಗ್ಗೆ ಅವರು ಗೋಡೆಗೆ ಹೇಳುವವರಂತೆ, "ನಮ್ ತಂಗಿ ಅದೇ ಊರ್ನಲ್ಲವ್ಳೆ, ನೋಡ್ಕಂಡ್ ಬತ್ತೀನಿ" ಎಂದು ಹೇಳಿ ಕ್ಯಾರಿಯರ್ ಮೇಲೆ ಒಂದೇ ಮಗ್ಗುಲಾಗಿ ಕೂತುಬಿಟ್ಟರು. ನನ್ನನ್ನು ಹಿಡಿದುಕೊಳ್ಳಲಿಲ್ಲ, ಸೀಟಿನ ಕಂಬಿ ಹಿಡಿದುಕೊಂಡರು. ಹೆದರುವವರ ಮೇಲೆ ಹಾವು ಬಿಟ್ಟ ಹಾಗಾಯಿತು. ಒಬ್ಬಳೇ ತುಳಿಯುವುದೇ ಕಷ್ಟ, ಮೇಲೆ ಮಾತು ಬಿಟ್ಟ ಅತ್ತೆ ಬೇರೆ.

ಚಳಿಗಾಲದ ಬೆಳಗು. ನೀರಿನ ತುಂಬ ಪಟ್ಟೆತಲೆಯ ಹೆಬ್ಬಾತುಗಳು ಕೂತಿದ್ದವು. ಅವನ್ನು ನೋಡಲೆಂದೇ ಜನ ಮೈಸೂರಿನಿಂದ ಬರುತ್ತಾರೆ, ನಾನು ಮಾತ್ರ ಮುಂದಿನ ಚಕ್ರ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಕತ್ತು ತಿರುಗಿಸಿದರೆ ಹ್ಯಾಂಡಲ್ಲೂ ತಿರುಗುತ್ತಿತ್ತು. ಏರಿಯ ನಡುವೆ ತೂಬಿನ ಹತ್ತಿರ ದಾರಿ ಸ್ವಲ್ಪ ಉಬ್ಬಿದೆ. ಅಲ್ಲಿ ಸೈಕಲ್ಲು ಎಗರಿತು, ಕ್ಯಾರಿಯರ್ ದಡ್ಡೆಂದಿತು. ಬೀಳಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ನಂಜುಂಡೇಶ್ವರನಿಗೆ ಕೈಮುಗಿದೆ. ಅಲ್ಲಿಂದ ಮುಂದೆ ಪೆಡಲ್ಲು ಹಗುರವಾಯಿತು. ಇಳಿಜಾರು ಇರಬೇಕು, ಇಲ್ಲವೇ ನನಗೇ ಕೊನೆಗೂ ಧೈರ್ಯ ಬಂತೇನೋ ಎಂದುಕೊಂಡೆ. ಜಂಬ ನೋಡಿ!

ಆಚೆ ತುದಿಯ ಕಲ್ಲುಕಂಬಗಳು ಕಾಣತೊಡಗಿದವು. ಸಂದಿಯಲ್ಲಿ ತೂರಲು ಅಲ್ಲಿ ಅವರು ಇಳಿಯಬೇಕು. ನಾನಾಗಿ ಮಾತಾಡಬಾರದು ಎಂಬ ಹಟವಿದ್ದರೂ ಬೇರೆ ದಾರಿಯಿಲ್ಲದೆ, "ಅತ್ತೆ, ಇಳೀತೀರಾ?" ಎಂದೆ. ಉತ್ತರವಿಲ್ಲ. ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡು ಬ್ರೇಕ್ ಹಿಡಿದು, ಕಾಲೂರಿ ಹಿಂದಕ್ಕೆ ನೋಡಿದೆ.

ಕ್ಯಾರಿಯರ್ ಖಾಲಿ.

ಏರಿಯ ಉದ್ದಕ್ಕೂ ಯಾರೂ ಇಲ್ಲ. ಸೈಕಲ್ ಕೆಡವಿ ಓಡಿದೆ, ಹೊಸ ಸೀರೆ ಕಾಲಿಗೆ ತೊಡರಿ ಮುಗ್ಗರಿಸಿದೆ. ಬಿದ್ದಿದ್ದರೆ ದಾರಿಯಲ್ಲೇ ಕೂತಿರಬೇಕಲ್ಲ, ಬೈಯುತ್ತಿರಬೇಕಲ್ಲ? ಅವರ ಬೈಗುಳ ಕೇಳಿದರೆ ಸಾಕಪ್ಪ ಎಂದು ಜನ್ಮದಲ್ಲಿ ಮೊದಲ ಸಲ ಬೇಡಿಕೊಂಡೆ. ತೂಬಿನ ಹತ್ತಿರ ಬಂದಾಗ ನೀರಿನ ಕಡೆಯ ಅಂಚಿನಲ್ಲಿ ಅವರ ಒಂದು ಚಪ್ಪಲಿ ಬಿದ್ದಿತ್ತು. ಕೆಳಗೆ ಪಾಚಿ ಕಟ್ಟಿದ ಕಲ್ಲುಗಳು, ಅದರ ಕೆಳಗೆ ಜೊಂಡು, ಆಮೇಲೆ ಬರೀ ನೀರು. ಆ ನೀರು ಅಲುಗಾಡದೆ ಇದ್ದದ್ದೇ ನನ್ನನ್ನು ಹೆಚ್ಚು ಹೆದರಿಸಿತು.

"ಅತ್ತೇ!" ಎಂದು ಕಿರುಚಿದೆ. ನನ್ನ ಕೂಗಿಗೆ ಕೆರೆಯಲ್ಲಿದ್ದ ಬಾತುಗಳೆಲ್ಲ ಒಮ್ಮೆಲೇ ಎದ್ದವು. ರೆಕ್ಕೆಯ ಸದ್ದು, ಅವುಗಳ ಕೇಕೆ, ತಲೆಯ ಮೇಲೆ ಆಕಾಶವೇ ಕಾಣದಷ್ಟು ಹಕ್ಕಿ. ಆ ಗಲಾಟೆಯಲ್ಲಿ ಅತ್ತೆ ಓಗೊಟ್ಟರೂ ನನಗೆ ಕೇಳಿಸುವಂತಿರಲಿಲ್ಲ. ಬಾಯಿ ಮುಚ್ಚಿಕೊಂಡು ಕಾದೆ. ಗಂಡನಿಗೆ ಏನೆಂದು ಹೇಳಲಿ, ನಿಮ್ಮವ್ವ ಯಾವಾಗ ಬಿದ್ದರೋ ನನಗೆ ಗೊತ್ತೇ ಆಗಲಿಲ್ಲ ಎಂದರೆ ಯಾರು ನಂಬುತ್ತಾರೆ ಎಂದೆಲ್ಲ ಬುದ್ಧಿ ಎಲ್ಲೆಲ್ಲೋ ಓಡಿತು.

ಹಕ್ಕಿಗಳು ದೂರ ಹೋದ ಮೇಲೆ ಜೊಂಡಿನ ಒಳಗೆ ಏನೋ ಅಲುಗಿತು. ಅತ್ತೆ ಎದೆಯುದ್ದ ನೀರಿನಲ್ಲಿ, ಎರಡೂ ಕೈಯಲ್ಲಿ ಜೊಂಡು ತಬ್ಬಿಕೊಂಡು, ನನ್ನನ್ನೇ ನೋಡುತ್ತಿದ್ದರು. ನಾನು ಕಲ್ಲುಗಳ ಮೇಲೆ ಕೂತು ಜಾರುತ್ತಾ ಇಳಿದೆ. ಇನ್ನೊಂದು ಹೆಜ್ಜೆ ಜಾರಿದ್ದರೆ ಇಬ್ಬರೂ ಹೋಗುತ್ತಿದ್ದೆವು. ಒಂದು ಕೈಯಲ್ಲಿ ಕಲ್ಲಿನ ಸಂದಿ ಹಿಡಿದು, ಇನ್ನೊಂದು ಕೈ ಚಾಚಿ ಅವರ ರಟ್ಟೆ ಹಿಡಿದು ಎಳೆದೆ. ಕೆಸರು ಬಿಡಲಿಲ್ಲ, ಮತ್ತೆ ಎಳೆದೆ. ಹೇಗೆ ಮೇಲೆ ಬಂದೆವೋ ಇವತ್ತಿಗೂ ನನಗೆ ನೆನಪಿಲ್ಲ.

ಏರಿಯ ಮೇಲೆ ಕೂತ ಮೇಲೆ ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು. "ಬಾಯ್ ಸತ್ತೋಗಿತ್ತಾ ನಿಮ್ಗೆ? ಬಿದ್ದಾಗ ಒಂದ್ಸಲ ಕೂಗ್ಬಾರ್ದಾಗಿತ್ತಾ? ಇನ್ನೂ ನನ್ ಮೇಲೆ ಹಟಾನಾ?" ಎಂದು ಅರಚಿದೆ.

ಅತ್ತೆ ಸೆರಗು ಹಿಂಡುತ್ತಾ, ತೀರ ಸಹಜವಾದ ಮಾತು ಎಂಬಂತೆ ಹೇಳಿದರು: "ಮೊದ್ಲುನೇ ದಿನ ಕೆಲ್ಸುಕ್ ಒಂಟೋಳ್ನ ಇಂದ್ಗಡೆಯಿಂದ ಕೂಗಾರಾ? ಅಪಸಕುನ ಆಗಕಿಲ್ವಾ?"

ನಾನು ಹಗುರವಾಯಿತೆಂದು ಜಂಬದಿಂದ ತುಳಿಯುತ್ತಿದ್ದಾಗ ಈ ಹೆಂಗಸು ನೀರಿನಲ್ಲಿ ನಿಂತು, ನನ್ನ ಬೆನ್ನು ದೂರವಾಗುವುದನ್ನು ನೋಡುತ್ತಾ ಬಾಯಿ ಬಿಗಿಹಿಡಿದಿದ್ದರು. ನಾನು ಹಟ ಬಿಡದೆ, ಇಳೀತೀರಾ ಎಂದು ಕೇಳದೆ, ಇನ್ನಷ್ಟು ದೂರ ಹೋಗಿದ್ದರೆ? ಮನೆಗೆ ಹೋಗೋಣ ಎಂದೆ.

"ಅರ್ದ ದಾರಿಗ್ ಬಂದು ತಿರುಕ್ಕೊಂಡ್ ಓಗ್ಬಾರ್ದು, ನಡಿ" ಎಂದು ಎದ್ದರು. ಎದ್ದವರು ತಕ್ಷಣ ನನ್ನ ತೋಳು ಹಿಡಿದುಕೊಂಡರು. "ಬೋ ಎದ್ರುಕೆ ಆಗೋಯ್ತು ಕಣಮ್ಮಿ" ಎಂದರು, ಮೆಲ್ಲಗೆ. ಯಾರಿಗೂ ಹೆದರದ ನಮ್ಮ ಅತ್ತೆಯ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಸೈಕಲ್ಲು ಬಿದ್ದಿದ್ದಲ್ಲಿಗೆ ನಡೆದು ಹೋದೆವು. ಈ ಸಲ ಅವರು ಒದ್ದೆ ಕೈಗಳಿಂದ ನನ್ನ ಸೊಂಟ ಬಳಸಿ ಹಿಡಿದರು. ಉಳಿದ ದಾರಿಯುದ್ದಕ್ಕೂ ನಾನು ಅತ್ತೆ, ಅತ್ತೆ ಎಂದು ಕೂಗುತ್ತಲೇ ತುಳಿದೆ. ಮುಂದಿನಿಂದ ಕೂಗಿದರೆ ಅಪಶಕುನವೇನಿಲ್ಲವಲ್ಲ. ಪ್ರತಿ ಸಲವೂ ಬೆನ್ನ ಹಿಂದಿನಿಂದ "ಇಲ್ಲೇ ಇವ್ನಿ ಕಣಮ್ಮಿ, ತುಳಿ" ಎಂಬ ದನಿ ಬರುವವರೆಗೆ ನಾನು ಉಸಿರು ಬಿಡಲಿಲ್ಲ.