ಗೋಡೆಯ ಮೇಲೆ ಅರ್ಧ ನೆರಳು

ಹಾಲಿವುಡ್ಡಿನಲ್ಲಿ ಓಪಲ್ ಡ್ರಿಸ್ಕಾಲ್‌ಳ ಕೆಲಸವೆಂದರೆ ನಿಲ್ಲುವುದು. ತಮಾಷೆಯಲ್ಲ, ಸಂಬಳ ಬರುತ್ತಿದ್ದದ್ದೇ ಅದಕ್ಕೆ. ನಾಯಕಿ ತನ್ನ ಕೋಣೆಯಲ್ಲಿ ಕಾಫಿ ಕುಡಿಯುತ್ತಿರುವಾಗ ಅವಳಷ್ಟೇ ಎತ್ತರದ, ಅವಳದೇ ಬಣ್ಣದ ಕೂದಲಿನ ಓಪಲ್ ಅವಳ ಜಾಗದಲ್ಲಿ ನಿಲ್ಲಬೇಕು, ದೀಪದವರು ಬೆಳಕು ಸರಿಮಾಡಿಕೊಳ್ಳಬೇಕು. ಎಲ್ಲ ಸರಿಹೋದ ಮೇಲೆ ನಾಯಕಿ ಬರುತ್ತಾಳೆ, ಓಪಲ್ ಪಕ್ಕಕ್ಕೆ ಸರಿಯುತ್ತಾಳೆ. ಅವಳ ಮುಖ ಯಾವ ಚಿತ್ರದಲ್ಲೂ ಇಲ್ಲ.

ಈ ಕೆಲಸ ಅವಳಿಗೆ ಹೇಳಿಮಾಡಿಸಿದಂತಿತ್ತು. ಒಕ್ಲಹೋಮಾದಲ್ಲಿ ಚಿಕ್ಕವಳಿದ್ದಾಗ ಪೋಲಿಯೋ ಬಂದು ಎಡಗಾಲು ತುಸು ಗಿಡ್ಡವಾಗಿತ್ತು. ನಿಂತರೆ ಯಾರಿಗೂ ತಿಳಿಯದು, ನಡೆದರೆ ಬಣ್ಣ ಬಯಲು. ಹಾಗಾಗಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂತುಬಿಡುವಳು, ಸಂಜೆ ಎಲ್ಲರೂ ಹೋದ ಮೇಲೆ ಏಳುವಳು. ಗೊತ್ತಾದರೆ ಮಾರನೇ ದಿನವೇ ಬೇರೊಬ್ಬಳನ್ನು ತರುತ್ತಾರೆಂಬ ಹೆದರಿಕೆ ವರ್ಷಗಳಿಂದ ಅವಳಿಗಿತ್ತು.

ದೀಪದ ಮೇಸ್ತ್ರಿ ಆರ್ವಿಡ್ ಲುಂಡ್‌ನನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೆ. ಅವಳು ನಿಲ್ಲಬೇಕಾದ ಸೀಮೆಸುಣ್ಣದ ಗುರುತಿಗೆ ಅಂಟಿಸಿದಂತೆ ಅವಳ ಕುರ್ಚಿ ಹಾಕುತ್ತಿದ್ದ.

"ಸ್ವಲ್ಪ ಆಚೆ ಹಾಕೋಕೆ ಏನು ದಾಡಿ ನಿಂಗೆ? ಈ ದೀಪದ ಕಾವಿಗೆ ಬೆಂದುಹೋಗ್ತಿದೀನಿ."

"ಸೊಂಟ ಹಿಡ್ಕೊಂಡಿದೆ ಮಾರಾಯ್ತಿ. ಬೇಕಾದ್ರೆ ನೀನೇ ಎತ್ಕೊಂಡು ಹೋಗು."

ಶುದ್ಧ ಸೋಮಾರಿ ಎಂದು ಅವಳು ಗೊಣಗುತ್ತಿದ್ದಳು.

ಸಾವಿರದ ಒಂಬೈನೂರ ನಲವತ್ತಾರರಲ್ಲಿ ಒಂದು ಅಗ್ಗದ ಪತ್ತೇದಾರಿ ಕಾದಂಬರಿಯನ್ನು ಚಿತ್ರ ಮಾಡಲು ಹೊರಟರು. ಪುಸ್ತಕದಲ್ಲಿ ಪುಟಕ್ಕೊಂದು ಹೆಣ. ಸೆನ್ಸಾರಿನವರು ಅದನ್ನೆಲ್ಲ ತೋರಿಸಬಾರದೆಂದದ್ದರಿಂದ ಕೊಲೆಗಳೆಲ್ಲ ಕತ್ತಲಿಗೆ ಸರಿದವು, ಆರ್ವಿಡ್‌ಗೆ ಕೈತುಂಬ ಕೆಲಸವಾಯಿತು. ಒಂದು ದೃಶ್ಯದಲ್ಲಿ ಪತ್ತೇದಾರ ಕೂತಿರುತ್ತಾನೆ, ಅವನ ಹಿಂದಿನ ಗೋಡೆಯ ಮೇಲೆ ಕೊಲೆಗಾತಿಯ ನೆರಳು ಹಾದುಹೋಗಬೇಕು. ಕೊಲೆಗಾತಿಯಾಗಿದ್ದ ನಾಯಕಿಗೆ ಅವತ್ತೇ ಜ್ವರ.

"ಓಪಲ್ ಇದಾಳಲ್ಲ!" ಎಂದರು ನಿರ್ದೇಶಕ ಹಾರ್ಗ್ರೀವ್. "ನೆರಳಿಗೇನು ಮುಖ ಇರುತ್ತಾ? ಹೂಂ, ನಡಿಯಮ್ಮ ತಾಯಿ."

ನಡೆದರೆ ಓಪಲ್ ಕುಂಟುವುದು ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಬೇರೆ ದಾರಿಯೇನು? ಕ್ಯಾಮೆರಾ ಓಡತೊಡಗಿತು, ಎಲ್ಲರ ಕಣ್ಣೂ ಗೋಡೆಯ ಮೇಲಿತ್ತು, ಅವಳು ಹೆಜ್ಜೆಯಿಟ್ಟಳು. ಅಷ್ಟರಲ್ಲಿ ದೀಪದ ಮುಂದೆ ಬೆಳಕು ತಡೆಯುವ ಕಪ್ಪು ಹಲಗೆಯೊಂದು ಅಡ್ಡ ಬಂತು. ಗೋಡೆಯ ಮೇಲಿನ ನೆರಳು ಸೊಂಟದಿಂದ ಕೆಳಗೆ ಕತ್ತಲಲ್ಲಿ ಕರಗಿತು.

"ಯಾವನೋ ಅವನು? ಕಾಲೆಲ್ಲಿ?" ಹಾರ್ಗ್ರೀವ್ ಕೂಗಾಡಿದರು.

"ನಂದೇ ತಪ್ಪು ಸಾರ್. ಹಲಗೆ ಜಾರಿಬಿಡ್ತು," ಎಂದ ಆರ್ವಿಡ್. ಮೂವತ್ತು ವರ್ಷ ದೀಪ ಹಿಡಿದವನ ಕೈಯಿಂದ ಹಲಗೆ ಜಾರುವುದುಂಟೆ? ಸಹಾಯಕರು ಮುಸಿಮುಸಿ ನಕ್ಕರು, ನಿರ್ದೇಶಕರು ವಾಚಾಮಗೋಚರ ಬೈದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಕೊನೆಗೆ ಹಾರ್ಗ್ರೀವ್ ಗೋಡೆಯನ್ನೇ ದಿಟ್ಟಿಸಿ, "ಇರ್ಲಿ, ಕಾಲಿಲ್ದಿದ್ರೇನೇ ಹೆದರಿಕೆ ಜಾಸ್ತಿ. ಹಾಗೇ ಇನ್ನೊಂದು ಸಲ ತೆಗೀರಿ," ಎಂದರು.

ಸಂಜೆ ಎಲ್ಲರೂ ಹೋದ ಮೇಲೂ ಆರ್ವಿಡ್ ತಂತಿ ಸುತ್ತುತ್ತಿದ್ದ. ಓಪಲ್ ಕುರ್ಚಿಯಿಂದಲೇ ಕೇಳಿದಳು: "ನಿಂಗೆ ಯಾವಾಗ ಗೊತ್ತಾಯ್ತು?"

"ನೀನು ಬಂದ ಮೊದಲ್ನೇ ವಾರ. ಇಲ್ದಿದ್ರೆ ಕುರ್ಚೀನ ಅಷ್ಟು ಹತ್ರ ಯಾಕೆ ಹಾಕ್ತಿದ್ದೆ?"

ಇಷ್ಟು ವರ್ಷ ಬೈದುಕೊಂಡಿದ್ದೆಲ್ಲ ಅವಳಿಗೆ ಒಟ್ಟಿಗೇ ನೆನಪಾಯಿತು. ಕಣ್ಣು ತುಂಬಿ ಬಂತು. ತನಗೇ ಗೊತ್ತಾಗದ ಹಾಗೆ ತನ್ನನ್ನು ಕಾಯುತ್ತಿದ್ದವನಿಗೆ ಎಷ್ಟು ಕೃತಜ್ಞಳಾಗಿದ್ದರೂ ಸಾಲದು ಅನ್ನಿಸಿತು.

"ಹಾಗಾದ್ರೆ ಆ ಸೊಂಟ ನೋವು?" ಎಂದಳು.

"ಅದೂ ಇದೆ ಬಿಡು," ಎಂದು ಅವನು ನಕ್ಕ. "ನಡಿ, ಟ್ರಾಮು ಹೊರಟುಹೋಗುತ್ತೆ."

ಓಪಲ್ ಎದ್ದಳು. ಗೇಟಿನ ಹತ್ತಿರ ಕಾವಲಿನವನಿದ್ದ, ವೇಷ ಕಳಚಿದ ನಟರು ಸಿಗರೇಟು ಸೇದುತ್ತಾ ನಿಂತಿದ್ದರು. ಅವರೆಲ್ಲರ ಮುಂದೆಯೇ ಅವಳು ಆರ್ವಿಡ್‌ನ ತೋಳು ಹಿಡಿದು, ಕುಂಟುತ್ತಾ, ಮಾತಾಡುತ್ತಾ ಹೊರಗೆ ನಡೆದಳು.