ಜೆಡ್ಡಾಕ್ಕೆ, ಗುರುಗುಂಟಾ ಮಾರ್ಗವಾಗಿ

ಮೊನ್ನೆ ಶೇಂಗಾ ಚಟ್ನಿಯ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ದಾರ ಸುತ್ತುತ್ತಿದ್ದೆ. ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಟವಳಿಗೂ ನಾಲಿಗೆಯ ಚಪಲ ಬಿಡುವುದಿಲ್ಲ, ನೋಡಿ. ಮಗಳು ಫೋನು ಹಿಡಿದು ತೋರಿಸಿದಳು: ಹೈದರಾಬಾದಿನಿಂದ ಜೆಡ್ಡಾಕ್ಕೆ ನಾಲ್ಕು ಸಾವಿರ ಕಿಲೋಮೀಟರು ಮತ್ತು ಚಿಲ್ಲರೆ, ಹಾರಾಟದ ಅವಧಿ ಹೆಚ್ಚುಕಡಿಮೆ ಆರು ಗಂಟೆ. ಎರಡು ವಿಮಾನ ನಿಲ್ದಾಣಗಳ ನಡುವೆ, ಸಮುದ್ರ ಮರುಭೂಮಿ ಯಾವುದನ್ನೂ ವಿಚಾರಿಸದೆ, ಒಂದು ಗೆರೆ ಬಾಗಿಕೊಂಡು ಮಲಗಿತ್ತು. ನನಗೆ ಆ ಗೆರೆಯ ಮೇಲೆಯೇ ಸಿಟ್ಟು ಬಂತು.

ನಮ್ಮಲ್ಲಿ ಯಾತ್ರೆಗೆ ಹೊರಡುವವರು ಮನೆಮನೆಗೆ ಹೋಗಿ, ಆಡಿದ್ದಕ್ಕೆ ಮಾಡಿದ್ದಕ್ಕೆಲ್ಲ ಮಾಫಿ ಕೇಳಿ ಬರುವ ರೂಢಿ. ಈಗ ಅದಕ್ಕೂ ಫೋನೇ. "ಅಮ್ಮೀ, ಒಂದ್ ಮೆಸೇಜ್ ಹಾಕಿಬಿಡು. ಎಲ್ಲಾರೂ ಹಂಗ ಮಾಡಾಕತ್ತಾರ," ಎಂದಳು ಮಗಳು. ಎಲ್ಲರೂ ಮಾಡಲಿ. ಗುರುಗುಂಟಾದ ಶಾಂತಮ್ಮನಿಗೆ ನಾನು ಮೆಸೇಜಿನಲ್ಲಿ ಮಾಫಿ ಕೇಳುವವಳಲ್ಲ. ಅವಳ ಮಾಫಿ ಇಲ್ಲದೆ ವಿಮಾನ ಹತ್ತುವವಳೂ ಅಲ್ಲ.

ಶಾಂತಮ್ಮ ಮತ್ತು ನಾನು ಸಿಂಧನೂರಿನಾಚೆಯ ವಳಕಮದಿನ್ನಿಯ ಶಾಲೆಯಲ್ಲಿ ಜೊತೆಗೆ ಪಾಠ ಹೇಳುತ್ತಿದ್ದವರು. ಗುರುಗುಂಟಾಕ್ಕೆ ಹತ್ತಿರದ ಲಿಂಗಸುಗೂರಿನಲ್ಲಿ ಒಂದು ಜಾಗ ತೆರವಾದಾಗ ಇಬ್ಬರೂ ವರ್ಗಾವಣೆ ಕೇಳಿದೆವು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟಿರಲಾಗದ ಅವಳು ಗುರುಗುಂಟಾದಿಂದ ದಿನಾ ಓಡಾಡುತ್ತಿದ್ದಳು. ಆ ಜಾಗ ನ್ಯಾಯವಾಗಿ ಅವಳದು. ನಾನು ವಶೀಲಿ ಹಚ್ಚಿ ಹೊಡೆದುಕೊಂಡೆ. ಆಮೇಲೆ ಒಂಬತ್ತು ವರ್ಷ ಅವಳು ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ಬಸ್ಸಿನಲ್ಲಿ ಕುಲುಕಾಡುತ್ತ, ಹೋಗಿ ಬರಲಿಕ್ಕೆ ದಿನಕ್ಕೆ ಆರು ತಾಸು ಕಳೆದಳು. ಅಂದರೆ, ಗೆಳೆಯರೇ, ದಿನಕ್ಕೊಂದು ಜೆಡ್ಡಾ. ನಮ್ಮ ಕಡೆ ಊರು ಎಷ್ಟು ದೂರವೆಂದು ಕೇಳಿದರೆ ಯಾರೂ ಕಿಲೋಮೀಟರು ಹೇಳುವುದಿಲ್ಲ, ತಾಸು ಹೇಳುತ್ತಾರೆ. ದಾರಿಯಲ್ಲಿ ಸವೆಯುವುದು ಆಯುಷ್ಯವೆಂದು ಅವರಿಗೆ ಗೊತ್ತು. ಶಾಂತಮ್ಮನ ಆಯುಷ್ಯದಲ್ಲಿ ನಾನು ಕದ್ದ ತಾಸುಗಳನ್ನು ಯಾವ ಫೋನು ತೋರಿಸೀತು?

ಮಗಳು ನನ್ನ ಮೊಣಕಾಲಿನ ನೆಪ ತೆಗೆದು ತಡೆದರೂ ಕೇಳದೆ ನಿನ್ನೆ, ನಾವೀಗ ಇರುವ ಸಿಂಧನೂರಿನಲ್ಲಿ ಬಸ್ಸು ಹತ್ತಿದೆ. ಗುರುಗುಂಟಾ ಮುಟ್ಟುವಾಗ ಮಧ್ಯಾಹ್ನ. ಶಾಂತಮ್ಮ ಕಟ್ಟೆಯ ಮೇಲೆ ಕೂತು ಸಜ್ಜೆ ಹಸನು ಮಾಡುತ್ತಿದ್ದಳು. ನಾನು ನಿಂತೇ ಎಲ್ಲ ಒಪ್ಪಿಕೊಂಡು ಮಾಫಿ ಕೇಳಿದೆ. ಅವಳು ಮೊರ ಕೆಳಗಿಡಲಿಲ್ಲ.

"ಇಲ್ಲ ರಜಿಯಾ, ನಾ ಮಾಫ್ ಮಾಡಂಗಿಲ್ಲ. ನಾ ಒಂಬತ್ ವರ್ಷ ತಿರಿಗ್ಯಾಡೀನಿ. ನೀ ಒಂದ್ ದಿನ ಬಂದೀ."

ನೋವಾಯಿತು, ಆದರೆ ಅವಳ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ತಿರುಗಿ ನಾಲ್ಕು ಹೆಜ್ಜೆ ನಡೆದಿದ್ದೆ, ಹಿಂದಿನಿಂದ ಅವಳೇ ಕರೆದಳು.

"ನಾಳಿ ಬರಾಕಿದ್ರ ಮೊದಲ್ನೇ ಬಸ್ಸಿಗಿ ಬಾ. ನಾ ದಿನಾ ಮೊದಲ್ನೇದಕ್ಕೇ ಸಾಲಿಗಿ ಹೋಗ್ತಿದ್ದೆ."

ರಾತ್ರಿ ಮನೆಯಲ್ಲಿ ಮಗಳು ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. ಶಾಂತಮ್ಮ ಕಡೆಗೂ ಮಾಫ್ ಮಾಡದಿದ್ದರೆ ಟಿಕೆಟ್ಟಿನ ಗತಿಯೇನು ಎಂದಳು. ವಿಮಾನ ನನ್ನನ್ನು ಬಿಟ್ಟು ಹಾರುವುದಾದರೆ ಹಾರಲಿ ಎಂದೆ. ಅದಕ್ಕಿನ್ನೂ ಹನ್ನೊಂದು ದಿನವಿದೆ, ಹನ್ನೊಂದು ದಿನವೂ ಬಸ್ಸಿದೆ. ಇವತ್ತಿನ ಮೊದಲ ಬಸ್ಸಿನ ಕಿಟಕಿಯ ಪಕ್ಕ ಕೂತೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ರಸ್ತೆಯನ್ನು ಬೈಯಿರಿ, ನನ್ನನ್ನಲ್ಲ. ಮಸ್ಕಿ ದಾಟಿತು.